ಪ್ರತಿಭಟಿಸುವವರಿಗೂ ಒಂದು ಬಜೆಟ್ ಬೇಕು

ಪ್ರತಿಭಟನೆ ಮಾಡೋದರಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆ ಇಲ್ಲ. ಬೇಡ್ತಿ ಅಣೆಕಟ್ಟನ್ನು ನಿಲ್ಲಿಸಿದರು. ತದಡಿಯ ಕಲ್ಲಿದ್ದಲು ಸ್ಥಾವರ ಬರದ ಹಾಗೆ ನೋಡಿಕೊಂಡರು. ಮೈಸೂರು ಜಿಲ್ಲೆಯ ಚಾಮಲಾಪುರದಲ್ಲೂ ಹಾಗೇ ಆಯಿತು. ಪಡುಬಿದ್ರಿ ಹತ್ತಿರದ ನಂದಿಕೂರಿನಲ್ಲಿ 1000 ಮೆಗಾವ್ಯಾಟ್ ಸ್ಥಾವರ ಕಟ್ಟಲು ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ವರ್ಷಗಟ್ಟಲೆ ಓಡಾಡಿತು. ಕೊನೆಗೆ 1999ರಲ್ಲಿ ಸಾಕಪ್ಪಾ ಸಾಕು ಅಂತ ಗಂಟುಮೂಟೆ ಕಟ್ಟಿತು.

ಆದರೆ ನಂದಿಕೂರಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಇನ್ನೊಂದು ಕಂಪನಿ ಬಂತು. ಅದರ ಕೈಯಿಂದ ಮತ್ತೊಂದರ ಕೈಗೆ ಹೋಯಿತು. 2010ರಿಂದ ಪಕ್ಕದ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಉರಿಯುತ್ತಿದೆ, ಅದೂ 1200 ಮೆಗಾವ್ಯಾಟ್. ಬಾವಿ ಉಪ್ಪಾಯಿತು, ಮಲ್ಲಿಗೆ ಗಿಡದ ಮೇಲೆ ಬೂದಿ ಕೂತಿತು ಅಂತ ಜನ ದೂರುತ್ತಲೇ ಬಂದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆ ಸ್ಥಾವರಕ್ಕೆ ಹೇಳಿತು. ಅಂದರೆ ಏನಾಯಿತು? ಜನ ಒಂದು ಕಂಪನಿಯನ್ನು ಓಡಿಸಿದರು, ಜಾಗ ಮಾತ್ರ ಮುಂದಿನ ಕಂಪನಿಗೆ ಕಾಯುತ್ತಾ ಹಾಗೇ ಬಿದ್ದಿತ್ತು.

ನಾನಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಇಥಾಕಾ ಊರಿನ ಆಸುಪಾಸು. ನ್ಯೂಯಾರ್ಕ್ ಅಂದ ಕೂಡಲೇ ಮುಗಿಲು ಮುಟ್ಟುವ ಕಟ್ಟಡಗಳು ನೆನಪಾಗುತ್ತವೆ, ಅಲ್ವಾ? ಈ ಕಡೆ ಅದೇನೂ ಇಲ್ಲ. ಹಸು, ಜೋಳದ ಹೊಲ, ಉದ್ದುದ್ದ ಸರೋವರಗಳು, ಕಾರ್ನೆಲ್ ವಿಶ್ವವಿದ್ಯಾಲಯ. ನಮ್ಮ ಪಕ್ಕದ ಡ್ರೈಡನ್ ಎಂಬ ಊರಲ್ಲಿ ಇರುವುದು ಸುಮಾರು 14 ಸಾವಿರ ಜನ. ಈ ಊರು ದೊಡ್ಡ ಗ್ಯಾಸ್ ಕಂಪನಿಗಳನ್ನು ತಡೆದ ರೀತಿ ನಮ್ಮವರಿಗೆ ಗೊತ್ತಿರಲಿ ಅನ್ನಿಸುತ್ತದೆ.

ನೆಲದಡಿಯ ಶೇಲ್ ಬಂಡೆಗೆ ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಬಿರುಕು ಬಿಡಿಸಿ ಗ್ಯಾಸ್ ತೆಗೆಯುವುದಕ್ಕೆ ಇಲ್ಲಿ ಫ್ರ್ಯಾಕಿಂಗ್ ಅನ್ನುತ್ತಾರೆ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅದು ಜೋರಾಗಿ ನಡೆದಿತ್ತು. ಅಲ್ಲಿನ ಡಿಮಾಕ್ ಎಂಬಲ್ಲಿ ಬಾವಿ ನೀರು ಕೆಟ್ಟ ಸುದ್ದಿ ಇಲ್ಲಿಗೂ ಬಂದಿತ್ತು. ಅಷ್ಟರಲ್ಲಿ ಡ್ರೈಡನ್‌ನಲ್ಲೇ ಒಂದು ಕಂಪನಿ 22 ಸಾವಿರ ಎಕರೆಯಷ್ಟು ಗುತ್ತಿಗೆ ಬರೆಸಿಕೊಂಡಿತ್ತು. ಊರವರು ಸಹಿ ಸಂಗ್ರಹಿಸಿದರು, ಸಭೆ ಮಾಡಿದರು. ಇದೆಲ್ಲ ನಮ್ಮಲ್ಲೂ ಆಗುತ್ತದೆ. ವ್ಯತ್ಯಾಸ ಶುರುವಾಗುವುದು ಇದರ ನಂತರ.

ತೈಲ, ಗ್ಯಾಸ್ ಉದ್ಯಮವನ್ನು ನಿಯಂತ್ರಿಸುವ ಅಧಿಕಾರ ರಾಜ್ಯದ್ದು, ಸ್ಥಳೀಯ ಸಂಸ್ಥೆಗಳದ್ದಲ್ಲ ಅಂತ ನ್ಯೂಯಾರ್ಕ್ ಕಾನೂನು ಹೇಳುತ್ತದೆ. ಎಲ್ಲರೂ ಅಲ್ಲಿಗೇ ಕೈಚೆಲ್ಲಿದ್ದರು. ಹೆಲೆನ್ ಮತ್ತು ಡೇವಿಡ್ ಸ್ಲಾಟ್ಜಿ ಎಂಬ ವಕೀಲ ದಂಪತಿ ಅದೇ ಕಾನೂನನ್ನು ಮತ್ತೆ ಓದಿದರು. ಬಾವಿ ಹೇಗೆ ಕೊರೆಯಬೇಕು ಅನ್ನುವುದು ರಾಜ್ಯದ ವಿಚಾರ, ಸರಿ. ಆದರೆ ಊರಿನ ಯಾವ ಜಾಗದಲ್ಲಿ ಯಾವ ಕೆಲಸ ನಡೆಯಬಹುದು ಅನ್ನುವುದು ಊರಿನದೇ ವಿಚಾರ ತಾನೇ ಅಂತ ವಾದ ಕಟ್ಟಿದರು. 2011ರ ಆಗಸ್ಟ್‌ನಲ್ಲಿ ಡ್ರೈಡನ್ ಟೌನ್ ಬೋರ್ಡ್ ತನ್ನ ಜೋನಿಂಗ್ ನಿಯಮ, ಅಂದರೆ ಜಾಗದ ಬಳಕೆಯ ನಿಯಮ ತಿದ್ದಿ, ಇಡೀ ಊರಲ್ಲಿ ಗ್ಯಾಸ್ ಬಾವಿ ಬೇಡ ಅಂದಿತು. ಬೋರ್ಡಿನಲ್ಲಿ ಒಂದು ಮತವೂ ಆಚೀಚೆ ಆಗಲಿಲ್ಲ. ಮುಂದಿನ ತಿಂಗಳೇ ಕಂಪನಿ ಕೋರ್ಟಿಗೆ ಹೋಯಿತು. 2014ರ ಜೂನ್ 30ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 5-2ರ ತೀರ್ಪಿನಲ್ಲಿ ಡ್ರೈಡನ್ ಕಡೆ ನಿಂತಿತು. ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ಫ್ರ್ಯಾಕಿಂಗ್ ನಿಷೇಧಿಸುವುದಾಗಿ ಹೇಳಿತು. ಬೇರೆ ಕಂಪನಿ ಬಂದರೆ? ಬರಲಿ. ನಿಯಮ ಇರುವುದು ನೆಲಕ್ಕೆ, ಕಂಪನಿಯ ಹೆಸರಿಗಲ್ಲ.

ನಮ್ಮ ಗ್ರಾಮ ಪಂಚಾಯಿತಿಗೆ ಈ ಹಲ್ಲಿಲ್ಲ. ಪಂಚಾಯಿತಿ ನಿರ್ಣಯ ಮಾಡಬಹುದು, ಫೋಟೋ ಸಮೇತ ಪೇಪರಿಗೂ ಕೊಡಬಹುದು. ಕೈಗಾರಿಕೆಗಳಿಗೆ ಜಾಗ ಮಾಡಿಕೊಡುವ ಸರ್ಕಾರಿ ಮಂಡಳಿ ಕೆಐಎಡಿಬಿ ಭೂಸ್ವಾಧೀನದ ನೋಟಿಸ್ ಹೊರಡಿಸಿದರೆ ಆ ನಿರ್ಣಯಕ್ಕೆ ಮನವಿ ಪತ್ರದಷ್ಟೇ ಬೆಲೆ. ಹಾಗಂತ ನಮ್ಮ ದೇಶದಲ್ಲಿ ಇದು ಆಗದ ಕೆಲಸ ಅನ್ನಬೇಡಿ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಅಂತ ಗ್ರಾಮಸಭೆಗಳನ್ನೇ ಕೇಳಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆಗಳೂ ಬೇಡ ಅಂದವು, ಗಣಿ ನಿಂತಿತು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲ ಇತ್ತು. ಎಲ್ಲೂರಿನ ಗದ್ದೆಯವರಿಗೆ ಆ ಬಲ ಎಲ್ಲಿಂದ ಬರಬೇಕು?

ನಮ್ಮ ಜನಕ್ಕೆ ಸಿಗುವುದು ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 30 ದಿನ ಮೊದಲು ನೋಟಿಸ್ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಎಲ್ಲವನ್ನೂ ವಿಡಿಯೋ ಮಾಡಬೇಕು. ನಿಯಮ ಕೆಟ್ಟದ್ದೇನಲ್ಲ. ಆದರೆ ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರುವುದು ಸಾರಾಂಶ. ವರದಿ ಬರೆದ ಸಲಹಾ ಸಂಸ್ಥೆಗೆ ಸಂಬಳ ಕೊಡುವುದು ಯೋಜನೆ ಮಾಡುವವರೇ. ಆ ಕಡೆ ಎಂಜಿನಿಯರು, ಭೂವಿಜ್ಞಾನಿ, ವಕೀಲರು. ಈ ಕಡೆ ಅಡಿಕೆ ಬೆಳೆಗಾರ, ಮೀನುಗಾರ, ಒಬ್ಬ ನಿವೃತ್ತ ಮೇಷ್ಟ್ರು. ಮೈಕಿನಲ್ಲಿ ಮೂರು ನಿಮಿಷ. ಹೀಗಿರುವಾಗ ಕೂಗಾಡದೆ ಇನ್ನೇನು ಮಾಡಲಿಕ್ಕಾಗುತ್ತದೆ? ನಮ್ಮವರು ವಾದ ಮಾಡಲ್ಲ, ಗಲಾಟೆ ಮಾಡ್ತಾರೆ ಅಂತ ಇಲ್ಲಿನ ಕೆಲವು ಕನ್ನಡಿಗ ಗೆಳೆಯರು ಮೂಗು ಮುರಿಯುತ್ತಾರೆ. ಅದು ಅನ್ಯಾಯದ ಮಾತು.

ಇಲ್ಲಿಯವರೂ ಸಾಧುಗಳೇನಲ್ಲ. ಸೆನೆಕಾ ಸರೋವರದ ದಡದ ಉಪ್ಪಿನ ಗುಹೆಗಳಲ್ಲಿ ಗ್ಯಾಸ್ ತುಂಬಿಡುವ ಯೋಜನೆ ಬಂದಾಗ ಗೇಟಿಗೆ ಅಡ್ಡ ನಿಂತು ನೂರಾರು ಜನ ಬಂಧನಕ್ಕೊಳಗಾದರು. ಆದರೆ ಬೀದಿಯ ಜೊತೆಗೆ ಕಾಗದದ ಕೆಲಸವೂ ನಡೆಯುತ್ತದೆ. ಫ್ರ್ಯಾಕಿಂಗ್‌ನ ಪರಿಸರ ಪರಿಣಾಮ ವರದಿಯ ಕರಡುಗಳ ಬಗ್ಗೆ ರಾಜ್ಯದ ಪರಿಸರ ಇಲಾಖೆಗೆ ಬಂದ ಅಭಿಪ್ರಾಯಗಳು 2.6 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಎತ್ತಿದ ಮುಖ್ಯ ಪ್ರಶ್ನೆಗಳಿಗೆ ಇಲಾಖೆಯೇ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಯಿತು. ನಮ್ಮಲ್ಲಿ ಸಭೆಯ ಆಕ್ಷೇಪಗಳಿಗೆ ಉತ್ತರ ಬರೆಯುವುದು ಯೋಜನೆಯ ಒಡೆಯನೇ!

ಇನ್ನೊಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ಫ್ರ್ಯಾಕಿಂಗ್ ಬೇಡ ಅಂದ ಈ ರಾಜ್ಯದ ಎಷ್ಟೋ ಮನೆಗಳು ಚಳಿಗಾಲದಲ್ಲಿ ಬೆಚ್ಚಗಿರುವುದು ಪೆನ್ಸಿಲ್ವೇನಿಯಾದ ಅದೇ ಗ್ಯಾಸಿನಿಂದ. ಡೈರಿ ನಷ್ಟದಲ್ಲಿದ್ದು, ಗುತ್ತಿಗೆ ಹಣಕ್ಕೆ ಕಾದು ಕೂತಿದ್ದ ರೈತರಿಗೆ ನಿಷೇಧದಿಂದ ಬಂದದ್ದು ಬರೀ ಸಿಟ್ಟು. ಡ್ರೈಡನ್‌ನಲ್ಲೇ 2017ರಲ್ಲಿ ಸ್ಮಶಾನದ ಪಕ್ಕ ಸೋಲಾರ್ ಪ್ಯಾನೆಲ್ ಹಾಕುತ್ತೇವೆ ಅಂದಾಗ ನೋಟ ಕೆಡುತ್ತದೆ ಅಂತ ವಿರೋಧ ಎದ್ದಿತು. ಊರಿನ ಕೈಗೆ ಕೊಟ್ಟ ಅಧಿಕಾರ ಒಳ್ಳೆಯದಕ್ಕೂ ಅಡ್ಡ ಬರಬಹುದು. ರಾಜ್ಯಕ್ಕೂ ಇದು ತಲೆನೋವಾಯಿತು. 2020ರಲ್ಲಿ ಹೊಸ ಕಾನೂನು ತಂದು, 25 ಮೆಗಾವ್ಯಾಟ್ ಮತ್ತು ಮೇಲಿನ ಸೋಲಾರ್, ಗಾಳಿ ಯೋಜನೆಗಳ ಅನುಮತಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಊರಿನ ನಿಯಮ ತೀರಾ ಹೊರೆ ಅನ್ನಿಸಿದರೆ ಪಕ್ಕಕ್ಕಿಡಬಹುದು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಸರ್ಕಾರದ ಕಷ್ಟ ಅರ್ಥವಾಗುತ್ತದೆ.

ಊರಿಗೆ ಬೇಡ ಅನ್ನುವ ಅಧಿಕಾರ ಕರ್ನಾಟಕದಲ್ಲಿ ಸದ್ಯಕ್ಕೆ ಸಿಗುವ ಲಕ್ಷಣ ನನಗೆ ಕಾಣುವುದಿಲ್ಲ. ಅದನ್ನು ಬಿಟ್ಟುಕೊಡಲು ಯಾವ ಪಕ್ಷಕ್ಕೂ ಮನಸ್ಸಿಲ್ಲ. ಹಾಗಾಗಿ ಇಲ್ಲಿಂದ ಒಂದೇ ಒಂದನ್ನು ಕೇಳಿ ಪಡೆಯಬಹುದು ಅಂದರೆ ನಾನು ಇನ್ನೊಂದನ್ನು ಆರಿಸುತ್ತೇನೆ. 2011ರಲ್ಲಿ ನ್ಯೂಯಾರ್ಕ್ ವಿದ್ಯುತ್ ಸ್ಥಾವರಗಳ ಅನುಮತಿಗೆ ಮಾಡಿದ ಕಾನೂನಿನಲ್ಲಿ, ಅರ್ಜಿ ಹಾಕುವ ಕಂಪನಿ ಪ್ರತಿ ಮೆಗಾವ್ಯಾಟ್‌ಗೆ 1000 ಡಾಲರ್‌ನಂತೆ, ಗರಿಷ್ಠ 4 ಲಕ್ಷ ಡಾಲರ್ ಕಟ್ಟಬೇಕಿತ್ತು. ಅರ್ಜಿಗೆ ಮುಂಚಿನ ಹಂತಕ್ಕೆ ಬೇರೆ ಹಣ. ಅದರಲ್ಲಿ ಊರಿನ ಆಡಳಿತಕ್ಕೂ ನಿವಾಸಿಗಳಿಗೂ ಪಾಲು. ತಮ್ಮದೇ ತಜ್ಞರನ್ನು, ವಕೀಲರನ್ನು ಇಟ್ಟುಕೊಳ್ಳಲಿ ಅಂತ. ಕಾನೂನು ಆಮೇಲೆ ಬದಲಾದರೂ ಇಂಥ ನಿಧಿ ಉಳಿದುಕೊಂಡಿತು.

ಕಂಪನಿ ದುಡ್ಡು ತಿಂದರೆ ಋಣ ಬೀಳಲ್ವಾ ಅಂತ ಊರಲ್ಲಿ ಒಬ್ಬರು ಕೇಳಿದರು. ಬೀಳುವುದಿಲ್ಲ. ಹಣ ಹೋಗುವುದು ಸರ್ಕಾರದ ಖಾತೆಗೆ. ಯಾರಿಗೆ ಎಷ್ಟು ಅಂತ ತೀರ್ಮಾನಿಸುವುದು ಪ್ರಕರಣದ ವಿಚಾರಣಾಧಿಕಾರಿ. ಕಂಪನಿಯವರು ಚೆಕ್ ಹಿಡಿದು ಮನೆ ಬಾಗಿಲಿಗೆ ಬರುವ ಮಾತೇ ಇಲ್ಲ.

ಈಗ ಶರಾವತಿ ಲೆಕ್ಕ ನೋಡಿ. ಸಿಂಗಳೀಕಗಳ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಜನ ಬೇಡ ಅಂತ ಜೋರಾಗಿಯೇ ಹೇಳಿದರು. ಯೋಜನೆಯ ವೆಚ್ಚ ಹತ್ತು ಸಾವಿರ ಕೋಟಿ ದಾಟುತ್ತದೆ ಎನ್ನುತ್ತಾರೆ. ನ್ಯೂಯಾರ್ಕಿನ ಗರಿಷ್ಠ ಮಿತಿ ಹಿಡಿದರೂ ಊರವರ ಪಾಲಿಗೆ ಮೂರು ಕೋಟಿ ರೂಪಾಯಿಗೂ ಹೆಚ್ಚು ಸಿಗುತ್ತಿತ್ತು. ಸುರಂಗ ಕೊರೆದರೆ ಗುಡ್ಡ ನಿಲ್ಲುತ್ತದಾ ಅಂತ ಹೇಳಲು ಒಬ್ಬ ಸ್ವತಂತ್ರ ಭೂವಿಜ್ಞಾನಿ, ಸಿಂಗಳೀಕದ ಓಡಾಟ ಬಲ್ಲ ಒಬ್ಬರು, ಇಷ್ಟು ವಿದ್ಯುತ್ ಶೇಖರಣೆಗೆ ಬೇರೆ ದಾರಿ ಇದೆಯಾ ಅಂತ ಲೆಕ್ಕ ಹಾಕುವ ಒಬ್ಬ ಎಂಜಿನಿಯರು, ಇಡೀ ವರದಿಯನ್ನು ಕನ್ನಡಕ್ಕೆ ತರುವ ನಾಲ್ಕು ಜನ. ಇಷ್ಟೂ ಜನರ ಸಂಬಳ ಕೊಟ್ಟ ಮೇಲೂ ದುಡ್ಡು ಮಿಗುತ್ತದೆ.