ಊರಿಗೊಂದು ಡಿಶ್

ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿರುವುದು ಹದಿನಾಲ್ಕು ಮನೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೋಟವನ್ನೋ ಹಳ್ಳವನ್ನೋ ದಾಟಬೇಕು. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಅದರ ಮೇಲೆ ಬ್ರಾಡ್‌ಬ್ಯಾಂಡ್ ಕೇಳಿದಾಗ, ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದ ಮೇಲೆ ತಾಮ್ರದ ತಂತಿಯಲ್ಲಿ ಅದು ಓಡುವುದಿಲ್ಲ ಎಂಬ ಉತ್ತರ ಬಂತು. ನಮ್ಮ ಮನೆ ಇರುವುದು ಎಂಟು ಕಿಲೋಮೀಟರ್ ದೂರದಲ್ಲಿ, ಹಾಗಾಗಿ ಉತ್ತರ ಸರಿಯಾಗಿಯೇ ಇತ್ತು. ಆಮೇಲೆ ಆ ತಂತಿಯೂ ಹೋಯಿತು. ಮೂರು ವರ್ಷಗಳ ಹಿಂದೆ ಸ್ಥಳೀಯ ಗುತ್ತಿಗೆದಾರರೊಬ್ಬರು ಮರದಿಂದ ಮರಕ್ಕೆ ಫೈಬರ್ ಎಳೆದುಕೊಟ್ಟರು. ಮೊದಲ ಮಳೆಗಾಲದಲ್ಲೇ ಅದರ ಮೇಲೆ ಹೊನ್ನೆ ಮರ ಬಿತ್ತು. ಎರಡು ಸಲ ಜೋಡಿಸಿದರು, ಮೂರನೆಯ ಸಲ ಫೋನ್ ಎತ್ತಲಿಲ್ಲ. ಹದಿನಾಲ್ಕು ಮನೆಗಳ ತಿಂಗಳ ಬಾಡಿಗೆಯಲ್ಲಿ ಏಣಿ ಹೊತ್ತು ಬರುವ ಜೀಪಿನ ಡೀಸೆಲ್ ಖರ್ಚೂ ಗಿಟ್ಟುವುದಿಲ್ಲವಾದ್ದರಿಂದ ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಉಪಗ್ರಹಗಳ ಮೂಲಕ ಇಂಟರ್ನೆಟ್ ಕೊಡುವ ಅಮೆರಿಕದ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿಯೂ ಜುಲೈನಲ್ಲಿ ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್‌ನ ಅನುಮತಿಯೂ ದೊರೆತ ಮೇಲೆ, ಇಂತಹ ಊರುಗಳ ಕಷ್ಟ ತೀರಿತು ಎನ್ನುವವರು ಹೆಚ್ಚಾಗಿದ್ದಾರೆ. ಆ ಉತ್ಸಾಹದಲ್ಲಿ, ಆಕಾಶದಲ್ಲಿ ಒಂದೇ ಕಡೆ ನಿಂತಂತಿರುವ ಉಪಗ್ರಹದ್ದು ಮತ್ತು ತಗ್ಗಿನಲ್ಲಿ ಓಡುತ್ತಿರುವ ಉಪಗ್ರಹಗಳದ್ದು ಎಂಬ ಎರಡು ಬೇರೆ ಬೇರೆ ವ್ಯವಸ್ಥೆಗಳು ಒಂದೇ ಎಂಬಂತೆ ಕಲಸಿಹೋಗಿವೆ. ಉಪಗ್ರಹದ ಇಂಟರ್ನೆಟ್ ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಇಸ್ರೋದ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಬಳಸಿ ಹ್ಯೂಸ್ ಸಂಸ್ಥೆ 2022ರಲ್ಲೇ ಹೆಚ್ಚು ಸಾಮರ್ಥ್ಯದ ಸೇವೆ ಆರಂಭಿಸಿತು. ನಮ್ಮ ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಇಂತಹ ಉಪಗ್ರಹಗಳು ಭೂಮಧ್ಯ ರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಬೆಳಕಿನ ವೇಗದಲ್ಲಿ ಹೋದರೂ ಸಿಗ್ನಲ್ ಅಷ್ಟು ಎತ್ತರಕ್ಕೆ ಏರಿ ಇಳಿಯುವಷ್ಟರಲ್ಲಿ ಕಾಲು ಸೆಕೆಂಡು ಕಳೆಯುತ್ತದೆ. ನಾವು ಕೇಳಿದ್ದಕ್ಕೆ ಉತ್ತರ ಬರುವ ಹೊತ್ತಿಗೆ ಅರ್ಧ ಸೆಕೆಂಡು ದಾಟಿರುತ್ತದೆ. ಪಹಣಿ ತೆಗೆಯುವುದಕ್ಕೆ, ಅಡಿಕೆ ಧಾರಣೆ ನೋಡುವುದಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ವಿಡಿಯೊ ಕರೆಯಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹತ್ತಿಕೊಳ್ಳುತ್ತದೆ.

ಸ್ಟಾರ್‌ಲಿಂಕ್‌ನ ಉಪಗ್ರಹಗಳು ಹಾರುವುದು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಈ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅವು ಒಂದೆಡೆ ನಿಲ್ಲುವುದಿಲ್ಲ. ಒಂದು ಮರೆಯಾಗುವ ಮೊದಲೇ ಡಿಶ್ ಇನ್ನೊಂದನ್ನು ಹಿಡಿಯಬೇಕಾದ್ದರಿಂದ ಅದಕ್ಕೆ ನಾಲ್ಕೂ ಕಡೆ ತೆರೆದ ಆಕಾಶ ಬೇಕು. ಜಿಸ್ಯಾಟ್-11 ನಮ್ಮ ನೆತ್ತಿಯಿಂದ ದಕ್ಷಿಣಕ್ಕೆ ತುಸು ವಾಲಿದಂತೆ ಒಂದೇ ಕಡೆ ನಿಂತಿರುವುದರಿಂದ ಅದಕ್ಕೆ ಅಡಿಕೆ ಮರಗಳ ನಡುವಿನ ಒಂದು ಸಂದು ಸಾಕು. ತೋಟದ ತಗ್ಗಿನಲ್ಲಿ, ಗುಡ್ಡದ ಮರೆಯಲ್ಲಿ ಮನೆ ಕಟ್ಟಿಕೊಂಡ ಮಲೆನಾಡಿನವರಿಗೆ ಹೊಸ ತಂತ್ರಜ್ಞಾನಕ್ಕಿಂತ ಹಳೆಯದೇ ಸುಲಭವಾಗಿ ಸಿಕ್ಕೀತು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇನ್ನು ಮಳೆ. ಈ ಸೇವೆಗಳು ಬಳಸುವ ಕೆಯು ಮತ್ತು ಕೆಎ ಬ್ಯಾಂಡ್ ಎಂಬ ಹೆಚ್ಚು ಆವರ್ತನದ ರೇಡಿಯೊ ತರಂಗಗಳನ್ನು ದಪ್ಪ ಹನಿಗಳು ಹೀರಿಕೊಳ್ಳುತ್ತವೆ. ಆರಿದ್ರೆ ಮಳೆ ಜೋರಾದಾಗ ಧಾರಾವಾಹಿ ನಡುವೆಯೇ ನಿಂತುಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಕರೆಂಟಿನದು. ಸ್ಟಾರ್‌ಲಿಂಕ್‌ನ ಡಿಶ್ ಮನೆಯ ಫ್ಯಾನಿನಷ್ಟು ವಿದ್ಯುತ್ತನ್ನು ಹಗಲೂ ರಾತ್ರಿ ಎಳೆಯುತ್ತದೆ. ಮೂರು ದಿನ ಲೈನ್ ಬಾರದ ಊರಿನಲ್ಲಿ ಸಣ್ಣ ಇನ್ವರ್ಟರ್ ಅದನ್ನು ಒಂದು ರಾತ್ರಿಯೂ ತಾಳಿಸಲಾರದು. ಯಾವ ಕಂಪನಿಯೇ ಬರಲಿ, ಜನವರಿಯ ಬಿಸಿಲಿನಲ್ಲಿ ತೋರಿಸುವ ವೇಗವನ್ನು ನಾನು ನಂಬುವುದಿಲ್ಲ, ಆಷಾಢದಲ್ಲಿ ಬಂದು ತೋರಿಸಲಿ.

ದರದ ವಿಷಯದಲ್ಲಿ, 2020ರಲ್ಲಿ ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಆರಂಭವಾದಾಗ ಉಪಕರಣಕ್ಕೆ 499 ಡಾಲರ್, ತಿಂಗಳಿಗೆ 99 ಡಾಲರ್ ಇತ್ತು. ಇಲ್ಲಿ ಅದರ ಕಾಲುಭಾಗವಾದರೂ ನಮ್ಮ ಹದಿನಾಲ್ಕು ಮನೆಗಳಲ್ಲಿ ಎರಡು ಮನೆಯವರು ಕೊಂಡಾರು. ನಗರದ ಪ್ರತಿ ಚಂದಾದಾರರ ಲೆಕ್ಕದಲ್ಲಿ ಕಂಪನಿ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ ತರಂಗಾಂತರ ಶುಲ್ಕ ಕಟ್ಟಲಿ, ಹಳ್ಳಿಯವರ ಲೆಕ್ಕದಲ್ಲಿ ಬೇಡ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಉದ್ದೇಶ ಒಳ್ಳೆಯದೇ, ಆದರೆ ಡಿಶ್ ಕೊಳ್ಳಲಾರದವರಿಗೆ ಶುಲ್ಕದ ರಿಯಾಯಿತಿಯಿಂದ ಆಗುವುದೇನು?

ಆದ್ದರಿಂದ ನಾವು ಕೇಳಬೇಕಾದದ್ದು ಊರಿಗೊಂದು ಡಿಶ್ ಎಂಬುದು ನನ್ನ ಅಭಿಪ್ರಾಯ. ಇದು ಹೊಸ ಯೋಚನೆಯಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ಅವುಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆಯ ಹಳ್ಳಿಗಳೂ ಇದ್ದವು. ಆಗ ಮನೆಗೊಂದು ಟಿವಿ ಎಂದು ಯಾರೂ ಯೋಚಿಸಲಿಲ್ಲ. ಊರಿಗೊಂದು ಆಂಟೆನಾ, ಒಂದು ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಈಗಲೂ ಶಾಲೆಯ ಸೂರಿನ ಮೇಲೆ ಒಂದು ಡಿಶ್, ಕೆಳಗೆ ಸೋಲಾರ್ ಬ್ಯಾಟರಿ, ಅಲ್ಲಿಂದ ಹಾಲಿನ ಡೈರಿಗೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನ್ಯಾಯಬೆಲೆ ಅಂಗಡಿಗೂ ವೈಫೈ ಇದ್ದರೆ ನಮ್ಮ ಅಗತ್ಯದ ಮುಕ್ಕಾಲು ಪಾಲು ತೀರುತ್ತದೆ. ಉಪಗ್ರಹ ಬಂತೆಂದು ನೆಲದ ಫೈಬರ್ ಕೈಬಿಡುವುದಕ್ಕೆ ಮಾತ್ರ ನಾವು ಒಪ್ಪಬಾರದು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಮೂಲ ಗುರಿ ಗ್ರಾಮ ಪಂಚಾಯಿತಿಯವರೆಗೆ ಫೈಬರ್ ಒಯ್ಯುವುದಾಗಿತ್ತು. ಅಲ್ಲಿಂದ ಮುಂದಿನ ದಾರಿಯನ್ನು ಮರಗಳ ಮೇಲಲ್ಲದೆ ನೆಲದಡಿಯಲ್ಲಿ ಮುಗಿಸುವವರೆಗೂ ಕೇಳುತ್ತಲೇ ಇರಬೇಕು.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ಮೊನ್ನೆ ಶಾಲೆಯ ಅಂಗಳದಲ್ಲಿ ನಿಂತು ಆಕಾಶ ನೋಡಿದೆ. ಮೂರು ಕಡೆ ಬಯಲು, ಉತ್ತರಕ್ಕೆ ಮಾತ್ರ ಎರಡು ಅಕೇಶಿಯಾ ಅಡ್ಡ ನಿಂತಿವೆ. ಅವುಗಳ ಟೊಂಗೆ ಕಡಿಯಲು ಅರಣ್ಯ ಇಲಾಖೆಗೆ ಇನ್ನೊಂದು ಅರ್ಜಿ ಬರೆಯಬೇಕು.