ಖರ್ಚಿಗೆ ಹೆದರಿ ಗೆಜ್ಜೆ ಬಿಚ್ಚಿಟ್ಟವರ ಪರವಾಗಿ
ತುಮಕೂರಿನ ಬಡಾವಣೆಯೊಂದರ ನೃತ್ಯಶಾಲೆಯು ಶುಲ್ಕ ಕಟ್ಟಲಾಗದ ಮಕ್ಕಳಿಗೂ ಭರತನಾಟ್ಯ ಕಲಿಸುತ್ತಿದೆ, ವಾರ್ಷಿಕೋತ್ಸವದಲ್ಲಿ ಸಂಗ್ರಹವಾದ ಹಣವನ್ನು ಬಡ ರೋಗಿಗಳ ಚಿಕಿತ್ಸೆಗೆ ಕೊಡುತ್ತಿದೆ ಎಂಬುದನ್ನು ಓದಿ ಮನಸ್ಸು ತುಂಬಿ ಬಂತು. ದಾನವೂ ದೊಡ್ಡದೇ, ಆದರೆ ಆ ಮಕ್ಕಳ ಕೈಬಿಡದಿರುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೊದಲ ಪಾಠವಾದ ತಟ್ಟಡವಿನಿಂದ ಕಾರ್ಯಕ್ರಮದ ಕೊನೆಯಲ್ಲಿ ಬರುವ ತಿಲ್ಲಾನದವರೆಗೆ ಬರಲು ಹಲವು ವರ್ಷಗಳು ಬೇಕು. ರಂಗಪ್ರವೇಶದ, ಅಂದರೆ ಮೊದಲ ಪೂರ್ಣ ಏಕವ್ಯಕ್ತಿ ಪ್ರದರ್ಶನದ, ಹೊತ್ತಿಗೆ ಉಡುಪು, ಪ್ರಸಾಧನ, ಪಕ್ಕವಾದ್ಯದವರ ಸಂಭಾವನೆ, ಸಭಾಂಗಣದ ಬಾಡಿಗೆ ಎಲ್ಲವೂ ಸೇರಿ ಸಾಮಾನ್ಯ ಕುಟುಂಬಕ್ಕೆ ಎಟುಕದ ಮೊತ್ತವಾಗುತ್ತದೆ. ಮಂಡಿ ಮಡಿಸಿ ಅರ್ಧ ಕುಳಿತಂತೆ ನಿಲ್ಲುವ ಅರಮಂಡಿಯಲ್ಲಿ ಅಷ್ಟು ಸೊಗಸಾಗಿ ನಿಲ್ಲುತ್ತಿದ್ದ ನನ್ನ ಅಕ್ಕನ ಮಗಳು, ಬೇರೊಂದು ಶಾಲೆಯಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ ಮೇಲೆ, ಇದೇ ಕಾರಣಕ್ಕೆ ಗೆಜ್ಜೆ ಬಿಚ್ಚಿಟ್ಟಳು. ಆ ಗೆಜ್ಜೆ ಇನ್ನೂ ಅವರ ಮನೆಯ ದೇವರ ಗೂಡಿನಲ್ಲಿದೆ.

1884ರಲ್ಲೇ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರವನ್ನು ಇಂತಹ ಮಕ್ಕಳ ರಂಗಪ್ರವೇಶಕ್ಕಾಗಿ ವರ್ಷಕ್ಕೆ ಕೆಲವು ದಿನಗಳಾದರೂ ಬಾಡಿಗೆಯಿಲ್ಲದೆ ಒದಗಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಅಕ್ಕನ ಮನೆಯಲ್ಲಿರುವ ಎರಡು ಜೊತೆ ನೃತ್ಯದ ಉಡುಪುಗಳನ್ನು ಈ ವಾರವೇ ಶಾಲೆಗೆ ತಲುಪಿಸುತ್ತೇವೆ.