ತಂತಿ ಬಿಟ್ಟ ಫೋನು

ತಂತಿಯಿದ್ದ ಫೋನಿಗೆ ಒಂದು ಶಿಸ್ತಿತ್ತು. ಪಡಸಾಲೆಯ ಗೂಡಿನಲ್ಲಿ, ಕಸೂತಿ ಹಾಕಿದ ಬಟ್ಟೆಯ ಮೇಲೆ ಕುಳಿತಿರುತ್ತಿತ್ತು. ಮಾತಾಡಬೇಕಾದವರು ಅದರ ಬಳಿಗೆ ಹೋಗಬೇಕಿತ್ತು. ನಿಂತು ಮಾತಾಡಿ ಕಾಲು ನೋಯುತ್ತಿದ್ದುದರಿಂದ ಮಾತು ಬೇಗ ಮುಗಿಯುತ್ತಿತ್ತು. ಮನೆಯ ಹಿರಿಯರೆಲ್ಲ ಸುತ್ತ ಕುಳಿತಿರುತ್ತಿದ್ದುದರಿಂದ ಚಾಡಿಯೂ ಒಂದು ಹಿಡಿತದಲ್ಲಿರುತ್ತಿತ್ತು. ತಂತಿಯನ್ನು ಕಿತ್ತುಹಾಕಿದ ಇಂಜಿನಿಯರುಗಳು ಈ ಎರಡು ಉಪಕಾರಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎಂಬುದು ನನ್ನ ತಕರಾರು.

ವಿಜಯಪುರದ ಹಳೆಯ ಓಣಿಯಲ್ಲಿ ನಮ್ಮದು ಕಲ್ಲು ಮಣ್ಣಿನ ಮಾಳಿಗೆ ಮನೆ. ಬೇಸಿಗೆಯಲ್ಲಿ ತಂಪು; ಮೊಬೈಲಿಗೆ ಮಾತ್ರ ಕತ್ತಲಕೋಣೆ. ಅಡುಗೆಮನೆಯಲ್ಲಿ ಅದರ ಗೀಟುಗಳು ಒಂದೊಂದಾಗಿ ಕರಗಿ ಕೊನೆಗೆ ಪರದೆಯಲ್ಲಿ ಗಡಿಯಾರವಷ್ಟೇ ಉಳಿಯುತ್ತದೆ. ಅತ್ತೆಯವರ ತವರಿನವರಿಗೆಲ್ಲ ಬಾಯಿಪಾಠ ಇರುವುದು 08352 ಎಂದು ಶುರುವಾಗುವ ಮನೆಯ ನಂಬರ್ ಒಂದೇ. ಅತ್ತೆಯವರಿಗೆ ಮಂಡಿನೋವು ಬೇರೆ. ರಿಂಗಾದಾಗಲೆಲ್ಲ ಅಡುಗೆಮನೆಯಿಂದ ಪಡಸಾಲೆಗೆ ಅವರು ಬರುವಷ್ಟರಲ್ಲಿ ಅತ್ತ ಕಡೆಯವರು ಇಟ್ಟುಬಿಡುತ್ತಿದ್ದರು. ಪುಣೆಯಲ್ಲಿರುವ ಮೈದುನ ದೀಪಾವಳಿಗೆ ಬರುವಾಗ ಒಂದು ಕಾರ್ಡ್‌ಲೆಸ್ ಫೋನು ತಂದ. "ಅವ್ವ, ಇನ್ನು ನೀನು ಫೋನಿನ ಹತ್ತಿರ ಹೋಗುವುದು ಬೇಡ, ಫೋನೇ ನಿನ್ನ ಹತ್ತಿರ ಇರುತ್ತದೆ" ಎಂದ. ಹೀಗೆ ಹೇಳಿದವನು ಪಂಚಮಿಗೂ ಇರಲಿಲ್ಲ, ಯುಗಾದಿಗೂ ಇರಲಿಲ್ಲ. ಅನುಭವಿಸಿದವರು ನಾವು.

ಜೋಡಿಸುವ ಕೆಲಸ ನಮ್ಮವರ ಪಾಲಿಗೆ ಬಂತು. ಹ್ಯಾಂಡ್‌ಸೆಟ್ ಕೂರಿಸುವ ಪೀಠಕ್ಕೆ ಎರಡು ತಂತಿ: ಒಂದು ಅಡಾಪ್ಟರಿನಿಂದ ಕರೆಂಟು ತರುವುದು, ಇನ್ನೊಂದು ಫೋನಿನ ಲೈನು. ತಾಮ್ರದ ತಂತಿ ಹೋಗಿ ಗಾಜಿನ ಎಳೆಯ ಫೈಬರ್ ಬಂದ ಮೇಲೆ ನಮ್ಮ ಮನೆಯಲ್ಲಿ ಲೈನು ಗೋಡೆಯ ಡಬ್ಬಿಯಿಂದ ಬರುವುದಿಲ್ಲ, ಮೋಡೆಮ್ಮಿನ ಬೆನ್ನಿನ ಕಿಂಡಿಯಿಂದ ಬರುತ್ತದೆ. ಅಲ್ಲಿ ದೊಡ್ಡ ಕಿಂಡಿಗಳೂ ಇವೆ, ಸಣ್ಣದೊಂದೂ ಇದೆ. ಫೋನಿನ ಪಿನ್ನು ಸಣ್ಣದಕ್ಕೆ ಸೇರಿದ್ದು. ಆದರೆ ದೊಡ್ಡದರೊಳಗೂ ಅದು 'ಟಕ್' ಎಂದು ಕೂರುತ್ತದೆ, ತನ್ನದೇ ಜಾಗ ಎನ್ನುವಂತೆ. ನಮ್ಮವರು ಆ 'ಟಕ್' ಎಂಬ ಸದ್ದನ್ನೇ ನಂಬಿ ಡಯಲ್ ಟೋನಿಗಾಗಿ ಕಿವಿಯೊಡ್ಡಿ ಕುಳಿತರು. ಬರಲಿಲ್ಲ. ಫೋನು ಕೆಟ್ಟಿದೆ ಎಂದರು, ಪುಣೆಯ ಅಂಗಡಿಯವನು ಮೋಸ ಮಾಡಿದ ಎಂದರು, ತಮ್ಮನಿಗೆ ವ್ಯವಹಾರಜ್ಞಾನ ಇಲ್ಲ ಎಂದರು. ಕೈಪಿಡಿ ತೆಗೆದು ನೋಡಿರೆಂದು ನಾನು ಹೇಳಲು ಹೋಗಲಿಲ್ಲ. ಈ ಮನೆಯ ಗಂಡಸರು ಕೈಪಿಡಿ ಓದುವುದು ಸೋತ ಮೇಲೆಯೇ.

ಸೋತ ಮೇಲೆ ಓದಿದರು. ಪಿನ್ನು ಸಣ್ಣ ಕಿಂಡಿಗೆ ಹೋಯಿತು. ಮೊದಲ ಸಲ ಹ್ಯಾಂಡ್‌ಸೆಟ್ಟನ್ನು ಪೀಠದ ಮೇಲಿಟ್ಟು 16 ಗಂಟೆ ಎತ್ತದೆ ಚಾರ್ಜ್ ಮಾಡಬೇಕು ಎಂದಿತ್ತು. ಅತ್ತೆಯವರು ಆಗಲೇ ಪೀಠಕ್ಕೆ 'ಗದ್ದುಗೆ' ಎಂದು ಹೆಸರಿಟ್ಟಾಗಿತ್ತು. ಗದ್ದುಗೆಯ ಮೇಲೆ ಹಸಿ ಬಾಣಂತಿಯಂತೆ ಮಲಗಿಸಿ, ಯಾರೂ ಮುಟ್ಟಬೇಡಿ ಎಂದು ಮನೆಮಂದಿಗೆಲ್ಲ ಅವರೇ ತಾಕೀತು ಮಾಡಿದರು. ಮಾಡಿ ಮುಗಿಸುವಷ್ಟರಲ್ಲಿ ಜಮಖಂಡಿಯ ನಾದಿನಿಯ ಫೋನು ಬಂತು, ಮೊದಲು ಮುಟ್ಟಿದವರೂ ಅವರೇ. ನಾದಿನಿಯ ಅತ್ತೆಯ ಕಣ್ಣಿನ ಪೊರೆ, ಅವರ ಎಮ್ಮೆಯ ಹಾಲು, ಪಕ್ಕದ ಮನೆಯ ನಿಶ್ಚಯ ಎಲ್ಲ ಮುಗಿದ ಮೇಲೆ ಮತ್ತೆ ಗದ್ದುಗೆ. ಪೂರ್ತಿ ತುಂಬುವ ಮೊದಲೇ ಹೀಗೆ ಎತ್ತುತ್ತಿದ್ದರೆ ಪರದೆಯ ಮೇಲಿನ ಬ್ಯಾಟರಿಯ ಚಿತ್ರಕ್ಕೆ ಲೆಕ್ಕ ತಪ್ಪುತ್ತದೆ. ಮೂರೂ ಗೀಟು ತೋರಿಸುತ್ತಿರುವಾಗಲೇ ಅದು ಕಣ್ಣು ಮುಚ್ಚುತ್ತದೆ. ನಮ್ಮದು ಕಣ್ಣು ಮುಚ್ಚಿದ್ದು "ಆ ಹುಡುಗಿಯ ವಿಷಯ ಯಾರಿಗೂ ಹೇಳಬೇಡ, ಏನಾಯಿತೆಂದರೆ" ಎಂಬಲ್ಲಿಗೆ. ಏನಾಯಿತೆಂಬುದು ನನಗೆ ಇವತ್ತಿಗೂ ತಿಳಿಯದು.

ಆಗ ನನ್ನ ಮಗ ತನ್ನ ಬುದ್ಧಿ ತೋರಿಸಿದ. ಹ್ಯಾಂಡ್‌ಸೆಟ್ಟಿನ ಬೆನ್ನು ಬಿಚ್ಚಿದರೆ ಕಿರುಬೆರಳಿಗಿಂತ ತೆಳ್ಳಗಿನ ಎರಡು ಸೆಲ್ಲುಗಳು. ಟಿವಿ ರಿಮೋಟಿನಲ್ಲಿರುವುವೂ ನೋಡಲಿಕ್ಕೆ ಹಾಗೆಯೇ ಇವೆ. ಸತ್ತವನ್ನು ತೆಗೆದು ಜೀವ ಇದ್ದವನ್ನು ಹಾಕಿ, ಫೋನನ್ನು ಮತ್ತೆ ಗದ್ದುಗೆಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅತ್ತೆಯವರು, "ಇದಕ್ಕೆ ಜ್ವರ ಬಂದಿದೆ ನೋಡು" ಎಂದು ಕರೆದರು. ಮುಟ್ಟಿದರೆ ಬೆನ್ನು ಬಿಸಿ. ಅಡಾಪ್ಟರನ್ನು ಕಿತ್ತು, ತಣ್ಣಗಾದ ಮೇಲೆ ಮುಚ್ಚಳ ತೆಗೆದಾಗ ಒಂದು ಸೆಲ್ಲಿನ ಬಾಯಲ್ಲಿ ಅಂಟಂಟು ದ್ರವ ಒಸರಿತ್ತು, ಸ್ಪ್ರಿಂಗಿನ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಫೋನಿನ ಜೊತೆ ಬಂದವು 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು, ಮತ್ತೆ ಮತ್ತೆ ಚಾರ್ಜ್ ಆಗಲಿಕ್ಕೇ ಹುಟ್ಟಿದವು. ರಿಮೋಟಿನವು 1.5 ವೋಲ್ಟಿನ ಮಾಮೂಲಿ ಸೆಲ್ಲುಗಳು. ಅವುಗಳೊಳಗೆ ಕರೆಂಟು ನುಗ್ಗಿಸಿದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಸೋರುತ್ತವೆ, ಕೆಲವೊಮ್ಮೆ ಸಿಡಿಯುತ್ತವೆ. ಗದ್ದುಗೆಗೆ ಇದರ ವ್ಯತ್ಯಾಸ ತಿಳಿಯುವುದಿಲ್ಲ, ಮೇಲಿಟ್ಟದ್ದಕ್ಕೆಲ್ಲ ಉಣಿಸುತ್ತದೆ. ನಾನು ಒಣಬಟ್ಟೆಯಿಂದ ಸ್ಪ್ರಿಂಗನ್ನು ಒರೆಸುತ್ತಿದ್ದರೆ ಮಗ, "ಅಳತೆ ಒಂದೇ ಇದೆಯಲ್ಲ ಅಮ್ಮ" ಎಂದು ವಾದಿಸುತ್ತಿದ್ದ. ಅವನ ಅಪ್ಪನ ಪಿನ್ನಿನ ವಾದವೂ ಇದೇ ಆಗಿತ್ತು. ವಂಶದ ಗುಣ.

ಡಬ್ಬಿಯ ಮೇಲೆ ಒಳಗೆ 50 ಮೀಟರ್, ಬಯಲಿನಲ್ಲಿ 300 ಮೀಟರ್ ಎಂದು ಬರೆದಿತ್ತು. ಅದನ್ನು ಬರೆದವನು ಮಾಳಿಗೆ ಮನೆಯ ಗೋಡೆ ಕಂಡವನಲ್ಲ. ನಮ್ಮ ಪಡಸಾಲೆಗೂ ಅಡುಗೆಮನೆಗೂ ನಡುವೆ ಎರಡು ಅಡಿ ದಪ್ಪದ ಕಲ್ಲುಗೋಡೆ. ಅದನ್ನು ದಾಟುವಾಗ ಮಾತಿನ ಅರ್ಧ ಅಕ್ಷರ ಗೋಡೆಗೇ ಉಳಿಯುತ್ತಿತ್ತು. ಮಾವನವರಿಗೆ ಇದು ದೊಡ್ಡ ವಿನೋದ. "ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಸುಮಾರು 38 ಮೀಟರ್ ಅಗಲದ ಗುಮ್ಮಟದಲ್ಲಿ ಈ ಬದಿಯ ಗೋಡೆಗೆ ಪಿಸುಗುಟ್ಟಿದರೆ ಆ ಬದಿಗೆ ಕೇಳಿಸುತ್ತದೆ. ಬ್ಯಾಟರಿ ಇಲ್ಲ, ಅಡಾಪ್ಟರ್ ಇಲ್ಲ, ತಿಂಗಳ ಬಿಲ್ಲೂ ಇಲ್ಲ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಆದಿಲಶಾಹಿಗಳ ಪಿಸುಮಾತಿಗೆ ನಡುವೆ ಗೋಡೆ ಅಡ್ಡ ಇರಲಿಲ್ಲ ಎಂಬ ಉತ್ತರ ನನ್ನ ಬಾಯಿಯ ತನಕ ಬಂದಿತ್ತು. ಸೊಸೆ ಎಂಬ ಕಾರಣಕ್ಕೆ ಅಲ್ಲೇ ನಿಂತಿತು.

ಗೋಡೆಯ ಕಾಟ ತಪ್ಪಲೆಂದು ಗದ್ದುಗೆಯನ್ನು ಅಡುಗೆಮನೆಗೇ ತಂದು ಮೈಕ್ರೋವೇವ್ ಒಲೆಯ ಮೇಲಿಟ್ಟರು. ಈ ಫೋನು ಮಾತಾಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ಒಲೆ ಚಹಾ ಬಿಸಿ ಮಾಡುವುದೂ ಹೆಚ್ಚುಕಡಿಮೆ ಅದೇ ಅಲೆಯಲ್ಲಿ. ನಾನು ಲೋಟ ಒಳಗಿಟ್ಟು ಗುಂಡಿ ಒತ್ತಿದ ಕೂಡಲೇ ಜಮಖಂಡಿಯ ಕಡೆ ಕರಕರ ಶುರುವಾಗುತ್ತಿತ್ತು. ನನ್ನ ಸುದ್ದಿ ಬಂದಾಗಲೆಲ್ಲ ಯಾರೋ ಲೈನು ಕೆಡಿಸುತ್ತಾರೆ ಎಂದು ನಾದಿನಿ ಅನುಮಾನಪಟ್ಟಳಂತೆ. ಅನುಮಾನ ಸುಳ್ಳು. ಆದರೆ ಆ ವಿದ್ಯೆ ಕೈಗೆ ಸಿಕ್ಕಮೇಲೆ ನಾನು ಚಹಾ ಬಿಸಿ ಮಾಡುವ ಹೊತ್ತು ಸ್ವಲ್ಪ ಬದಲಾದದ್ದು ಸುಳ್ಳಲ್ಲ. ಕೊನೆಗೆ ಗದ್ದುಗೆ ನಡುಮನೆಯ ಕಪಾಟಿನ ಮೇಲೆ, ಒಲೆಗೂ ಮೋಡೆಮ್ಮಿಗೂ ದೂರವಾಗಿ ನೆಲೆಸಿತು.

ಗದ್ದುಗೆ ನೆಲೆಸಿತು, ಹ್ಯಾಂಡ್‌ಸೆಟ್ ಅಲೆಯತೊಡಗಿತು. ರಿಂಗಾದರೆ ಈಗ ಇಡೀ ಮನೆ ಎದ್ದು ಹುಡುಕಬೇಕು. ಹಿತ್ತಲಿನ ಕಟ್ಟೆ, ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ, ದೇವರ ಜಗುಲಿ, ಎಲ್ಲೆಲ್ಲೋ ಸಿಕ್ಕಿತು. ಗದ್ದುಗೆಯಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಕಳೆದುಹೋದ ಹ್ಯಾಂಡ್‌ಸೆಟ್ ತಾನೇ ಕೂಗುತ್ತದೆ. ಒಮ್ಮೆ ಒತ್ತಿದಾಗ ಕೂಗು ಬಂದದ್ದು ಮಡಿಚಿಟ್ಟ ಕೌದಿಗಳ ರಾಶಿಯಿಂದ. ಮದುವೆಗೆಂದು ಹೊರಗೆ ತೆಗೆದ ಕೌದಿಗಳು ಒಂದರ ಮೇಲೊಂದು ಎದೆಯೆತ್ತರ. ನಾವು ಒಂದೊಂದನ್ನೇ ಬಿಚ್ಚಿ ಕೊಡವುವಷ್ಟರಲ್ಲಿ ಕೂಗು ನಿಲ್ಲುತ್ತಿತ್ತು, ಒಬ್ಬರು ಮತ್ತೆ ಗುಂಡಿಗೆ ಓಡಬೇಕಿತ್ತು. ಬ್ಯಾಟರಿ ಇರುವ ತನಕ ಮಾತ್ರ ಈ ಸೌಕರ್ಯ. ಸತ್ತರೆ ಗುಂಡಿ ಒತ್ತಿ ಪ್ರಯೋಜನವಿಲ್ಲ. ಹಾಗೊಮ್ಮೆ ಸತ್ತು, ಮೇ ತಿಂಗಳ ಬಿಸಿಲಲ್ಲಿ ಮಾಳಿಗೆಯ ಮೇಲೆ ಶಾವಿಗೆಯ ಪಕ್ಕದಲ್ಲಿ ಮಧ್ಯಾಹ್ನವೆಲ್ಲ ಒಣಗುತ್ತಿತ್ತು. ಶಾವಿಗೆ ಚೆನ್ನಾಗಿ ಒಣಗಿತು. ಬ್ಯಾಟರಿ ಅಲ್ಲಿಂದಾಚೆಗೆ ಸಂಜೆಯ ತನಕ ನಿಲ್ಲಲಿಲ್ಲ.

ಮಾವನವರ ಪ್ರಸಂಗ ಬೇರೆ. ರಾತ್ರಿಯ ವಾರ್ತೆಯ ಹೊತ್ತಿಗೆ ಅವರ ಕೈಗೆ ರಿಮೋಟಿನ ಬದಲು ಹ್ಯಾಂಡ್‌ಸೆಟ್ ಸಿಕ್ಕಿತು. ಎರಡೂ ಕಪ್ಪು, ಎರಡರಲ್ಲೂ ಅಂಕಿಗಳು. ಕನ್ನಡಕ ಹಣೆಯ ಮೇಲೆ. ವಾಹಿನಿಯ ಸಂಖ್ಯೆಯೆಂದು 112 ಒತ್ತಿದರು. ಟಿವಿ ಅಲುಗಲಿಲ್ಲ. ಹಸಿರು ಗುಂಡಿಯನ್ನು ಒತ್ತಿ ಟಿವಿಯ ಕಡೆ ಕೈ ಚಾಚಿದರು. ಸ್ವಲ್ಪ ಹೊತ್ತಿಗೆ ಅವರ ಅಂಗೈಯಿಂದಲೇ ಒಂದು ಹೆಣ್ಣುದನಿ, "ತುರ್ತು ಸೇವೆ, ನಿಮಗೆ ಯಾವ ಸಹಾಯ ಬೇಕು?" ಎಂದಿತು. ಮಾವನವರು ಟಿವಿಯನ್ನೇ ನೋಡುತ್ತಾ, "ಮಳೆ ಯಾವಾಗ ಬರುತ್ತದೆ ಹೇಳಮ್ಮ, ಕೃಷಿ ವಾರ್ತೆ ಹಾಕು" ಎಂದರು. ಆ ತಾಯಿ ತಾಳ್ಮೆಯಿಂದ ವಿಳಾಸ ಕೇಳಿದರು. ಮಾವನವರು ಓಣಿಯ ಹೆಸರಿನ ಜೊತೆ ಬಾವಿಯ ಗುರುತನ್ನೂ ಹೇಳುತ್ತಿದ್ದಾಗ ನಮ್ಮವರು ಓಡಿಬಂದು ಫೋನು ಕಸಿದುಕೊಂಡು ಕ್ಷಮೆ ಕೇಳಿದರು. ಬರಿದೇ ಇಟ್ಟುಬಿಟ್ಟರೆ ಅವರು ನಿಜವಾಗಿ ಏನೋ ಅನಾಹುತವಾಗಿದೆ ಎಂದು ಹುಡುಕಬಹುದಲ್ಲ. ಆ ರಾತ್ರಿಯಿಂದ ಹ್ಯಾಂಡ್‌ಸೆಟ್ಟಿನ ಬೆನ್ನಿಗೆ ಒಂದು ಕೆಂಪು ಟೇಪು.

ಫೋನಿನೊಳಗಿನ ದನಿಗಳೊಡನೆ ಅತ್ತೆಯವರಿಗೂ ಒಂದು ಸಂಬಂಧವಿದೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಸೇರಿಸಬೇಕು. ಅವರು ಸೇರಿಸುವುದಿಲ್ಲ. ಸೊನ್ನೆ ಸೇರಿಸಿ ಎಂದು ಮೊದಲೇ ಮುದ್ರಿಸಿಟ್ಟ ದನಿ ಹೇಳುತ್ತದೆ. "ಆಗಲಿ ತಂಗಿ, ಮುಂದಿನ ಸಲ ಹಾಕುತ್ತೇನೆ, ಈಗೊಮ್ಮೆ ಹಚ್ಚಿಕೊಡು" ಎಂದು ಅವರು ಮನವಿ ಮಾಡುತ್ತಾರೆ.

ಕರೆಂಟು ಹೋದಾಗ ಮಾತ್ರ ಎಲ್ಲರೂ ಗಪ್‌ಚಿಪ್. ಹಿಂದಿನ ಫೋನಿಗೆ ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ ಕರೆಂಟು ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಅದು ರಿಂಗಾಗುತ್ತಿತ್ತು. ಈಗ ಗದ್ದುಗೆಗೂ ಕರೆಂಟು ಬೇಕು, ಮೋಡೆಮ್ಮಿಗೂ ಬೇಕು. ಎರಡನ್ನೂ ಇನ್ವರ್ಟರಿನ ಪ್ಲಗ್ಗಿಗೆ ಹಾಕಬೇಕು. ಮೋಡೆಮ್ಮನ್ನಾದರೂ ಹಾಕದಿದ್ದರೆ ಪಡಸಾಲೆಯಲ್ಲಿ ಹಳೆಯ ಫೋನು ಇಟ್ಟುಕೊಂಡರೂ ಅದು ಬರೀ ಅಲಂಕಾರ. ಮುಂಗಾರಿಗೆ ಮುಂಚಿನ ಗುಡುಗಿನಲ್ಲಿ ಇನ್ನೊಂದು ಗಡಿಬಿಡಿ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ, ಮನೆಯ ವಿದ್ಯುತ್ ತಂತಿಯಲ್ಲಿ ಹರಿದು ಬಂದು ಅಡಾಪ್ಟರನ್ನು ಸುಡುತ್ತದೆ. ಆದ್ದರಿಂದ ಮೋಡ ಕಟ್ಟುವಾಗಲೇ ಅದನ್ನು ಕಿತ್ತಿಡಬೇಕು. ಮಾವನವರು ಕೀಳುವುದಿಲ್ಲ. ಕಂಬಳಿ ತಂದು ಗದ್ದುಗೆಗೆ ಹೊದಿಸುತ್ತಾರೆ. ನಾನು ಕಂಬಳಿಯ ಅಡಿಯಿಂದ ಕೈ ಹಾಕಿ ಪ್ಲಗ್ಗು ಕಿತ್ತು, ಕಂಬಳಿಯನ್ನು ಹಾಗೆಯೇ ಬಿಡುತ್ತೇನೆ. ಸಿಡಿಲು ಬಿದ್ದೂ ಫೋನು ಉಳಿದದ್ದು ಕಂಬಳಿಯಿಂದಲೇ ಎಂದು ಓಣಿಯಲ್ಲಿ ಪ್ರತೀತಿ ಇದೆ.

ಅನಿಲ ಸೋರುವ ಕಡೆ ನಿಂತು ಆ ವಿಷಯ ತಿಳಿಸಲು ಫೋನು ಬಳಸಬೇಡಿ ಎಂದು ಕೈಪಿಡಿಯಲ್ಲಿತ್ತು. "ಅಂಥ ದಡ್ಡರು ಯಾರು?" ಎಂದು ಅತ್ತೆಯವರು ನಕ್ಕರು. ಸಿಲಿಂಡರ್ ಬದಲಿಸಿದ ದಿನ ವಾಸನೆ ಬಂದಾಗ ಒಲೆಯ ಪಕ್ಕದಲ್ಲೇ ನಿಂತು ಹ್ಯಾಂಡ್‌ಸೆಟ್ ಎತ್ತಿದವರೂ ಅವರೇ. ಮೊದಲು ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಸ್ವಿಚ್ಚು ಮುಟ್ಟದೆ ಅಂಗಳಕ್ಕೆ ಬಂದು, ಅಲ್ಲಿಂದ ಮೊಬೈಲಿನಲ್ಲಿ 1906ಕ್ಕೆ ಕರೆ ಮಾಡಬೇಕು. ಅವರು ಹಚ್ಚುತ್ತಿದ್ದದ್ದು ಜಮಖಂಡಿಗೆ.

ಈ ವರ್ಷ ಮೈದುನ ಇನ್ನೊಂದು ಹ್ಯಾಂಡ್‌ಸೆಟ್ ತಂದು ಅದೇ ಗದ್ದುಗೆಗೆ ಜೋಡಿಸಿ ಹೋಗಿದ್ದಾನೆ. ಒಂದು ಅಡುಗೆಮನೆಗೆ, ಇನ್ನೊಂದು ಮಾವನವರ ಮಂಚಕ್ಕೆ. ಎರಡರ ನಡುವೆ ಇಂಟರ್‌ಕಾಮ್ ಇದೆ. ಲೈನಿಗೂ ಅದಕ್ಕೂ ಸಂಬಂಧವಿಲ್ಲ, ದುಡ್ಡೂ ಬೀಳುವುದಿಲ್ಲ ಎಂದು ಬಿಡಿಸಿ ಹೇಳಿದ್ದೇವೆ. ಮಾವನವರು ಮಂಚದಿಂದಲೇ ಅಡುಗೆಮನೆಗೆ ಹಚ್ಚಿ ಚಹಾ ಕೇಳುತ್ತಾರೆ. ಅತ್ತೆಯವರು, "ಚಹಾ ಆಗಿದೆ, ಬಂದು ಕುಡಿಯಿರಿ, ಬಿಲ್ಲು ಏರುತ್ತದೆ" ಎಂದು ಇಟ್ಟುಬಿಟ್ಟು, ಸಕ್ಕರೆ ಎಷ್ಟು ಹಾಕಲಿ ಎಂಬುದನ್ನು ಗೋಡೆಯಾಚೆಗೆ ಕೂಗಿ ಕೇಳುತ್ತಾರೆ.